ನಮ್ಮ ಮೌನ ಹುಟ್ಟಿದ ದಿನ

ಆಗಸ್ಟ್ 26, 1997, ಮಂಗಳವಾರ

ನಾನು ಎತ್ತಿ ಆಡಿಸಿದ ತಮ್ಮ ಎರ್ವೀನೊಗೆ,

ನಿನ್ನ ಪುಸ್ತಕದ ಕರಡು ತಲುಪಿತು. ಎರಡು ದಿನ ಭೂತಗನ್ನಡಿ ಹಿಡಿದು ಓದಿದೆ. ಕಣ್ಣು ಉರಿಯಿತು. ಅದು ವಯಸ್ಸಿನಿಂದಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಆಮೇಲೆ ಅದಕ್ಕೆ ಜಾಗ ಇರುವುದಿಲ್ಲ. ಕಾಗದ ಚೆನ್ನಾಗಿದೆ. ಚಿತ್ರಗಳು ಚೆನ್ನಾಗಿವೆ. ಘಂಟೆಯನ್ನು ದೋಣಿಯಿಂದ ಇಳಿಸಿ ಎಂಟು ಜೋಡಿ ಎತ್ತು ಕಟ್ಟಿ ಬೆಟ್ಟ ಹತ್ತಿಸಿದ ಕಥೆಯನ್ನು ಚೆನ್ನಾಗಿ ಬರೆದಿದ್ದೀಯ, ಎತ್ತುಗಳ ಉಸಿರು ಕೇಳಿಸಿತು. ಪಿಕಾಡಾ ಕರೀಜೊ ಊರಿನ ಚರ್ಚಿಗೆ ನೂರಿಪ್ಪತ್ತೈದು ವರ್ಷ ತುಂಬಿತು, ನನ್ನ ತಮ್ಮನೇ ಸಭೆಯ ಹಿರಿಯನಾಗಿ ಅದರ ಚರಿತ್ರೆ ಬರೆದ ಎಂದು ಅಕ್ಕಪಕ್ಕದ ಮನೆಯವರಿಗೆ ಹೇಳಿಕೊಂಡು ತಿರುಗಿದವಳು ನಾನು. ಆ ಹೆಮ್ಮೆ ಹದಿನೇಳನೇ ಪುಟದವರೆಗೆ ಇತ್ತು.

ಕಳೆದ ವಾರ ಫೋನಿನಲ್ಲಿ ನಿನ್ನನ್ನು ಒಂದೇ ಒಂದು ಕೇಳಿದೆ. ಅಮ್ಮನ ಬಗ್ಗೆ ಒಂದು ಸಾಲು ಹಾಕೋ ಎಂದೆ. ನೀನು ನಕ್ಕೆ. “ಅಮ್ಮ ಚರ್ಚಿಗೆ ಏನು ಮಾಡಿದ್ದಾಳೆ ಅಕ್ಕಾ? ಹಬ್ಬಕ್ಕೆ ಕೂಕ ಕೇಕು ಬೇಯಿಸಿದ್ದಾಳೆ. ಈ ಊರಿನಲ್ಲಿ ಕೂಕ ಬೇಯಿಸದ ಹೆಂಗಸು ಯಾರು? ಹಾಗೆ ಹಾಕುತ್ತ ಹೋದರೆ ಪುಸ್ತಕವೆಲ್ಲ ಬರೀ ಹಿಟ್ಟು ಸಕ್ಕರೆ ಆಗುತ್ತೆ” ಎಂದೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಇವತ್ತಿಗೂ ಇಳಿದಿಲ್ಲ.

ಈಗ ಪುಸ್ತಕಕ್ಕೆ ಬರುತ್ತೇನೆ. ಮೂರನೇ ಪುಟ. “ಪಾದ್ರಿಗಳಿಗೆ ಚಳಿಯಾಗದಿರಲೆಂದು ಪೂರ್ವಜರು ಚರ್ಚಿಗೆ ಹೊಗೆಗೂಡು ಕಟ್ಟಿಸಿದರು” ಎಂದು ಬರೆದಿದ್ದೀಯ. ಒಳಗೆ ಒಲೆ ಎಲ್ಲಿದೆ ತೋರಿಸು ನೋಡೋಣ. ಇಷ್ಟು ವರ್ಷ ಆ ಹೊಗೆಗೂಡಿನ ಕೆಳಗೇ ಕೂತಿದ್ದೀಯ, ಒಂದು ದಿನವಾದರೂ ಬೂದಿ ಬಾಚಿದ್ದು ನೋಡಿದ್ದೀಯಾ? ಆಗ ಈ ದೇಶದಲ್ಲಿ ಸಾಮ್ರಾಟನ ಕಾಲ, ಕ್ಯಾಥೊಲಿಕ್ ಮತವೇ ರಾಜಮತ. ಪ್ರಾಟೆಸ್ಟೆಂಟರಾದ ನಮ್ಮಂಥವರು ಪ್ರಾರ್ಥನೆ ಮಾಡಬಹುದು, ಆದರೆ ಕಟ್ಟಡ ಹೊರಗಿನಿಂದ ದೇವರ ಮನೆಯಂತೆ ಕಾಣಬಾರದು ಎಂದಿತ್ತು ಕಾನೂನು. ಗೋಪುರ ಕಟ್ಟದಿದ್ದರೆ ಸಾಕಿತ್ತು. ನಮ್ಮವರಿಗೆ ಅಷ್ಟು ಸಾಲದು. ಮನೆಯ ಹಾಗೆ ಕಾಣಬೇಕು ಎಂದರೆ ಪೂರ್ತಿ ಮನೆಯ ಹಾಗೇ ಕಾಣಲಿ ಎಂದು ಒಲೆಯಿಲ್ಲದ ಹೊಗೆಗೂಡು ಎಬ್ಬಿಸಿದರು. ಅಜ್ಜಿ ಹೇಳುತ್ತಿದ್ದಳು: “ನಮ್ಮ ಜನಕ್ಕೆ ಕೂತುಕೋ ಅಂದರೆ ಮಲಗ್ತಾರೆ, ಮಲಗಿಕೋ ಅಂದರೆ ಸಾಯ್ತಾರೆ.” ಘಂಟೆ ಬರುವವರೆಗೆ ಮರಕ್ಕೆ ನೇತುಹಾಕಿದ ಮುರುಕು ನೇಗಿಲ ಗುಳ ಬಾರಿಸಿಯೇ ಜನರನ್ನು ಕರೆಯುತ್ತಿದ್ದರು, ಅದನ್ನೂ ಗೋಣಿ ಸುತ್ತಿ ಮೆತ್ತಗೆ. ಎರಡು ದಶಕ ಕಳೆದು, ರಾಜ ಹೋಗಿ ಗೋಪುರ ಎದ್ದಿತು. ಹೊಗೆಗೂಡು ಮಾತ್ರ ಹಾಗೇ ಉಳಿಯಿತು. ಯಾಕೆಂದು ಕೇಳಿದರೆ, ಅದು ನಮ್ಮ ಸಂಪ್ರದಾಯ.

ಇದನ್ನು ಮೊದಲೇ ಯಾಕೆ ಹೇಳಿದೆ ಎಂದರೆ, ಹದಿನೇಳನೇ ಪುಟದಲ್ಲಿ ನೀನು ಇನ್ನೊಂದು ಹೊಗೆಗೂಡು ಕಟ್ಟಿದ್ದೀಯ.

“ನಮ್ಮ ಮೌನ” ಎಂದು ಅಧ್ಯಾಯದ ಹೆಸರು. ಪಿಕಾಡಾ ಕರೀಜೊದಲ್ಲಿ ಸತ್ತವರನ್ನು ಒಂದೂ ಮಾತಿಲ್ಲದೆ ಮಣ್ಣು ಮಾಡುತ್ತಾರೆ, ಕೀರ್ತನೆ ಇಲ್ಲ, ಪ್ರಾರ್ಥನೆ ಇಲ್ಲ, ಟೋಪಿ ಎದೆಗಿಟ್ಟು ನಿಲ್ಲುತ್ತಾರೆ, ಪೂರ್ವಜರು ಜರ್ಮನಿಯ ಹುನ್ಸ್‌ರುಕ್ ಬೆಟ್ಟಗಳಿಂದ ಹಡಗಿನಲ್ಲಿ ಹೊತ್ತು ತಂದ ಪುರಾತನ ಭಕ್ತಿಯ ಪದ್ಧತಿ ಇದು ಎಂದು ಬರೆದಿದ್ದೀಯ. ಪೇಟೆಯಿಂದ ಒಬ್ಬ ಪ್ರೊಫೆಸರ್ ಬಂದು ಕಣ್ಣೊರೆಸಿಕೊಂಡನಂತೆ. ಹಬ್ಬದ ದಿನ ಟಿ.ವಿ.ಯವರು ಬರುತ್ತಾರಂತೆ, ಎಲ್ಲರೂ ಸ್ಮಶಾನಕ್ಕೆ ಮೌನವಾಗಿ ಮೆರವಣಿಗೆ ಹೋಗುತ್ತೀರಂತೆ. ಅದೇ ಪುಟದ ಕೆಳಗೆ: “ಯುದ್ಧದ ಕಷ್ಟದ ದಿನಗಳಲ್ಲೂ ಹಿರಿಯರಾದ ಬಾಲ್ಟಸಾರ್ ವೊಮ್ಮರ್ ಅವರ ವಿವೇಕದಿಂದ ನಮ್ಮ ಚರ್ಚಿನ ಬಾಗಿಲು ಒಂದು ಭಾನುವಾರವೂ ಮುಚ್ಚಲಿಲ್ಲ.” ಅದನ್ನೇ ಹಿತ್ತಾಳೆಯಲ್ಲಿ ಕೆತ್ತಿಸಿ ಗೋಡೆಗೆ ಹಾಕುತ್ತೀರಂತೆ.

ಎರ್ವೀನೊ, ಆ ಮೌನ ಹಡಗಿನಲ್ಲಿ ಬರಲಿಲ್ಲ. ಅದು ಹುಟ್ಟಿದ ದಿನ ನನಗೆ ಗೊತ್ತು. 1942, ಆಗಸ್ಟ್ ತಿಂಗಳ ಕೊನೆಯ ಶುಕ್ರವಾರ, ಬೆಳಗ್ಗೆ ಹತ್ತು ಗಂಟೆ. ನಾನು ಅಲ್ಲೇ ನಿಂತಿದ್ದೆ. ನೀನು ನನ್ನ ಸೊಂಟದ ಮೇಲಿದ್ದೆ.

ಆಗ ನಿನಗೆ ನಾಲ್ಕು ವರ್ಷ, ನನಗೆ ಹದಿಮೂರು. ನಡುವಿನವಳು ಲೋರಿ, ಆರು ವರ್ಷದವಳು. ಅಪ್ಪ ಮರದಡಿ ಸಿಕ್ಕಿ ಸತ್ತು ಮೂರು ವರ್ಷವಾಗಿತ್ತು, ನಾವು ಅಪ್ಪನ ಅಪ್ಪ, ನಿನ್ನ ಪುಸ್ತಕದ ಆ ಬಾಲ್ಟಸಾರ್ ಅಜ್ಜನ ಮನೆಯಲ್ಲಿದ್ದೆವು. ಲೋರಿಗೆ ಗಂಟಲಮಾರಿ ಬಂತು. ನಾಲ್ಕೇ ದಿನ. ಆ ವಾರವೇ ಈ ದೇಶದ ಸರ್ಕಾರ ಜರ್ಮನಿಯ ಮೇಲೆ ಯುದ್ಧ ಸಾರಿತ್ತು, ಪಾದ್ರಿಯನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಜರ್ಮನ್ ಮಾತಾಡಿದವರನ್ನು ಹಿಡಿಯುತ್ತೇವೆ ಎಂದು ಅಂಗಡಿಯ ಬಾಗಿಲಿಗೆ ಕಾಗದ ಅಂಟಿಸಿದ್ದರು. ನಮ್ಮ ಊರಿಗೆ ಬೇರೆ ಮಾತು ಎಲ್ಲಿ ಬರುತ್ತಿತ್ತು? ಹಸು, ನಾಯಿ, ಕೋಳಿಗೂ ಅದೇ ಭಾಷೆ.

ಅಜ್ಜ ಕಲ್ಲಿನ ಮನುಷ್ಯನಾಗಿರಲಿಲ್ಲ, ಅದನ್ನೂ ಹೇಳಬೇಕು. ಲೋರಿಯ ಪೆಟ್ಟಿಗೆಯನ್ನು ಅವನೇ ಮಾಡಿದ. ಒಳಗೆ ಮೆತ್ತಗಿರಲೆಂದು ಗರಗಸದ ಪುಡಿ ಹಾಸಿ, ಮೇಲೆ ಅಮ್ಮನ ಮದುವೆಯ ಬಿಳಿ ಬಟ್ಟೆ ಹೊದಿಸಿದ. ಮೊಳೆ ಹೊಡೆಯುವಾಗ ಅವನ ಕೈ ಎರಡು ಸಲ ತಪ್ಪಿತು. ಎಷ್ಟೋ ಮನೆಗೆ ಬಾಗಿಲು ಮಾಡಿದ ಕೈ ಅದು. ಆಮೇಲೆ ಅಂಗಳಕ್ಕೆ ಬಂದು ಸೇರಿದ ಜನಕ್ಕೆಲ್ಲ ಹೇಳಿದ: “ಜರ್ಮನ್ ಬೇಡ ಅಂದಿದ್ದಾರೆ. ಬೇರೇದು ನಮಗೆ ಬರೋಲ್ಲ. ಹಾಗಾದರೆ ಮಾತೇ ಬೇಡ. ಯಾರೂ ಬಾಯಿ ಬಿಡಬಾರದು.”

ಪೋರ್ಚುಗೀಸ್ ನನಗೆ ಬರುತ್ತಿತ್ತು. ಹೊಸ ಸರ್ಕಾರಿ ಶಾಲೆಯ ಮೇಷ್ಟ್ರು ಬೆರಳ ಗಿಣ್ಣಿಗೆ ಹೊಡೆದು ಹೊಡೆದು ಕಲಿಸಿದ್ದರು. ನನ್ನ ತಂಗಿಗೆ ಎರಡು ಮಾತು ಹೇಳು ಎಂದಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಗೋರಿಯ ಮುಂದೆ ಹೆಣ್ಣುಹುಡುಗಿ ಮಾತಾಡುವುದುಂಟೇ? ನಾಲ್ಕು ದಿನ ಬಿಟ್ಟು ಕೇಳಿದರು. ಬೇರೆ ಕೆಲಸಕ್ಕೆ.

ಹುಲ್ಲು ಇಬ್ಬನಿಗೆ ಬೆಳ್ಳಗಾಗಿತ್ತು. ಪೆಟ್ಟಿಗೆ ಇಳಿಸಿದರು. ಹಗ್ಗ ಉಜ್ಜುವ ಸದ್ದು ಬಿಟ್ಟರೆ ಏನೂ ಇಲ್ಲ. ಊರಿಗೆ ಊರೇ ಟೋಪಿ ಎದೆಗಿಟ್ಟು ನಿಂತಿತ್ತು. ಮೊದಲ ಮಣ್ಣು ಬಿತ್ತು. ಆಗ ಅಮ್ಮ ಮುಂದೆ ಬಂದಳು. ಅಳಲಿಲ್ಲ. ರಾತ್ರಿ ಮಲಗಿಸುವಾಗ ನಮಗೆ ಹೇಳಿಕೊಡುತ್ತಿದ್ದ ಪುಟ್ಟ ಪ್ರಾರ್ಥನೆ ಇತ್ತಲ್ಲ, ಅವಳೇ ಕಟ್ಟಿದ್ದು, ನಾಲ್ಕೇ ಸಾಲು. ಅದನ್ನು ನಮ್ಮ ಮನೆಮಾತಿನಲ್ಲಿ ಗಟ್ಟಿಯಾಗಿ ಹೇಳಿದಳು. ಕತ್ತಲೆ ಕೋಣೆಗೆ ಮಗುವನ್ನು ಒಬ್ಬಳನ್ನೇ ಕಳಿಸುವಾಗ ಬೆನ್ನ ಹಿಂದೆ ನಿಂತು ಕೂಗುತ್ತೇವಲ್ಲ, ಹಾಗೆ.

ಯಾರೂ ಅಲುಗಲಿಲ್ಲ. ಅಜ್ಜ ತಿರುಗಿ ರಸ್ತೆಯ ಕಡೆ ನೋಡಿದ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಂಗಳವಾರ ಅಜ್ಜ ಗಾಡಿ ಕಟ್ಟಿದ. “ನೆಲ್ಡಾ, ಹತ್ತು. ಪೇಟೆಗೆ ಹೋಗಬೇಕು, ನೀನು ಮಾತಾಡಬೇಕು” ಎಂದ. ನನಗೆ ಹಿಗ್ಗು. ಪೇಟೆ ನೋಡಬಹುದು ಎಂದು. ಅಮ್ಮನೇ ನನ್ನ ಜಡೆ ಹೆಣೆದು ಕಳಿಸಿದಳು.

ಪೊಲೀಸ್ ಅಧಿಕಾರಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕಿತ್ತಳೆ ಸುಲಿಯುತ್ತಿದ್ದ. ಅವನಿಗೆ ನಮ್ಮ ಊರು ಎಲ್ಲಿದೆ ಎಂದೇ ಸರಿಯಾಗಿ ಗೊತ್ತಿರಲಿಲ್ಲ. ಮಗು ಸತ್ತದ್ದೂ ಗೊತ್ತಿಲ್ಲ, ಮಣ್ಣಾದದ್ದೂ ಗೊತ್ತಿಲ್ಲ. ಇದನ್ನು ನೆನಪಿಟ್ಟುಕೋ ತಮ್ಮಾ. ಯಾರೂ ಏನೂ ಕೇಳಿರಲಿಲ್ಲ.

“ಏನಂತೆ ಮುದುಕನಿಗೆ?” ಎಂದು ನನ್ನನ್ನು ಕೇಳಿದ.

ಅಜ್ಜ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: “ಹೇಳು. ನಮ್ಮಲ್ಲಿ ಒಬ್ಬಳು ಕಾನೂನು ಮೀರಿದಳು. ಸಭೆ ಮೀರಿಲ್ಲ. ಚರ್ಚಿಗೆ ಬೀಗ ಹಾಕಬೇಡಿ. ಅವಳ ಹೆಸರು ಕೊಡ್ತೀವಿ.”

ಹೇಳಿದೆ. ಅಧಿಕಾರಿ ಕಿತ್ತಳೆ ತೊಳೆ ಬಾಯಿಗೆ ಹಾಕಿಕೊಂಡು “ಹೆಸರು?” ಎಂದ.

“ಅಜ್ಜ, ಅದು ಅಮ್ಮ” ಎಂದೆ.

“ಹೆಸರು ಹೇಳು.”

“ಅಜ್ಜ...”

“ಹೆಸರು ಹೇಳು ನೆಲ್ಡಾ.”

ಒಟ್ಟೀಲಿಯ ವೊಮ್ಮರ್ ಎಂದೆ. ಅಧಿಕಾರಿಗೆ ಬರೆಯಲು ಬರಲಿಲ್ಲ, ಅಕ್ಷರ ಅಕ್ಷರ ಬಿಡಿಸಿ ಹೇಳಿಸಿದ. ಹೇಳಿದೆ. ಶಾಲೆಯಲ್ಲಿ ಎದ್ದು ನಿಂತು ಒಪ್ಪಿಸುವ ಹಾಗೆ, ಸ್ಪಷ್ಟವಾಗಿ. “ನಿನಗೆ ಏನಾಗಬೇಕು?” ಎಂದ. “ತಾಯಿ” ಎಂದೆ. ಅವನು ಅಗಿಯುವುದನ್ನು ನಿಲ್ಲಿಸಿ ಅಜ್ಜನನ್ನು ಮೇಲಿಂದ ಕೆಳಗೆ ನೋಡಿದ. “ಸೊಸೇನಾ? ಅಯ್ಯೋ, ಎಂಥಾ ಮುದುಕನಪ್ಪಾ ಇವನು! ಹೋಗಲಿ ಬಿಡು ಅನ್ನೋಣ ಅಂದರೆ ಹೆಸರು ಕಾಗದಕ್ಕೆ ಹತ್ತಿಬಿಡ್ತಲ್ಲ” ಎಂದು ಪಕ್ಕದ ಪೇದೆಗೆ ಹೇಳಿ ನಕ್ಕ. ಅಜ್ಜ ನನ್ನನ್ನು “ಏನಂದ?” ಎಂದು ಕೇಳಿದ. “ಸರಿ ಅಂದ” ಎಂದೆ. ನನ್ನ ಬದುಕಿನ ಮೊದಲ ಅನುವಾದದಲ್ಲೇ ನಾನು ಸುಳ್ಳು ಹೇಳಿದೆ, ಅದೂ ತಪ್ಪು ಜಾಗದಲ್ಲಿ. ಹೆಸರು ಕೇಳಿದಾಗ ಸುಳ್ಳು ಹೇಳಬೇಕಿತ್ತು. ಸತ್ತುಹೋದ ಯಾರದಾದರೂ ಹೆಸರು ಹೇಳಬಹುದಿತ್ತು. ಅಜ್ಜನಿಗೆ ಏನು ತಿಳಿಯುತ್ತಿತ್ತು? ಐವತ್ತೈದು ವರ್ಷದಿಂದ ಆ ಹೆಸರುಗಳನ್ನು ಹುಡುಕುತ್ತಲೇ ಇದ್ದೇನೆ.

ನಿನಗೆ ನಮ್ಮ ಮನೆಮಾತು ಓದಲು ಬಾರದು ಎಂದು ಈ ಪತ್ರವನ್ನೂ ಪೋರ್ಚುಗೀಸಿನಲ್ಲೇ ಬರೆಯುತ್ತಿದ್ದೇನೆ. ಅಮ್ಮನ ಹೆಸರು ಕೊಟ್ಟ ಭಾಷೆಯಲ್ಲೇ ಅವಳ ಹೆಸರನ್ನು ವಾಪಸು ಕೇಳುತ್ತಿದ್ದೇನೆ.

ಅವಳನ್ನು ಕರೆದುಕೊಂಡು ಹೋದರು. ನೀನು ಬೇಲಿಯವರೆಗೆ ಓಡಿ ಬಿದ್ದು ಗಲ್ಲ ಒಡೆದುಕೊಂಡೆ. ಕನ್ನಡಿಯಲ್ಲಿ ನೋಡಿಕೋ, ಎಡಗಡೆ ಇನ್ನೂ ಗುರುತಿದೆ. ಕುದುರೆಯಿಂದ ಬಿದ್ದದ್ದು ಎಂದು ನಿನಗೆ ಹೇಳಿದವನು ಅಜ್ಜ. ಒಂಬತ್ತು ದಿನ ಅವಳಿಂದ ಠಾಣೆಯ ಅಂಗಳ ಗುಡಿಸಿಸಿದರು. ಹತ್ತನೇ ದಿನ ನಡೆದುಕೊಂಡೇ ಬಂದಳು. ನಾನು ಒಲೆಯ ಮುಂದೆ ಮರಗೆಣಸು ಸುಲಿಯುತ್ತಿದ್ದೆ. ಶಾಲು ಬಿಚ್ಚಿ ಮೊಳೆಗೆ ಹಾಕಿ, ನನ್ನ ಕೈಯಿಂದ ಚಾಕು ತೆಗೆದುಕೊಂಡು, ಗೆಣಸು ಸುಲಿಯುತ್ತಲೇ ಹೇಳಿದಳು: “ನಿನ್ನ ಪೋರ್ಚುಗೀಸ್ ಬಹಳ ಚೆನ್ನಾಗಿದೆಯಂತೆ. ಆ ಅಧಿಕಾರಿ ಹೊಗಳಿದ.”

ಅಷ್ಟೇ. ಬೈಯಲಿಲ್ಲ. ಸಾಯುವ ತನಕ ಆ ಮಾತು ಮತ್ತೆ ಎತ್ತಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಸಭೆಯ ಸರದಿ. ಸಭೆಯನ್ನು ಅಪಾಯಕ್ಕೆ ಒಡ್ಡಿದಳು ಎಂದು ಅವಳನ್ನು ನಮ್ಮ ಮನೆತನದ ಬೆಂಚಿನಿಂದ ಎಬ್ಬಿಸಿ ಬಾಗಿಲ ಪಕ್ಕದ ಬೆಂಚಿಗೆ ಕಳಿಸಿದರು. ದಾರಿಹೋಕರಿಗೆ, ಕುಡಿದು ಬಂದವರಿಗೆ ಇಟ್ಟ ಬೆಂಚು ಅದು. “ಅಮ್ಮನಿಗೆ ಹಿಂದೆ ಗಾಳಿ ಚೆನ್ನಾಗಿ ಬರುತ್ತೆ” ಎಂದು ನೀನು ಹೆಂಡತಿಗೆ ಹೇಳುತ್ತಿದ್ದೆಯಲ್ಲ, ಆ ಗಾಳಿ ಇದು. ಹತ್ತೊಂಬತ್ತು ವರ್ಷ ಆ ಗಾಳಿ ಕುಡಿದಳು.

ಹೌದು, ನೀನು ಬರೆದದ್ದು ಅಕ್ಷರಶಃ ನಿಜ. ಬಾಗಿಲು ಒಂದು ಭಾನುವಾರವೂ ಮುಚ್ಚಲಿಲ್ಲ. ತೆರೆದ ಬಾಗಿಲ ಒಳಗೆ ಒಂದು ಗಂಟೆ ಹಾರ್ಮೋನಿಯಂ ನುಡಿಯುತ್ತಿತ್ತು, ಜನ ಬಾಯಿ ಮುಚ್ಚಿ ಕೂತು ಎದ್ದು ಹೋಗುತ್ತಿದ್ದರು. ಆ ಬಾಗಿಲು ಮುಚ್ಚದಂತೆ ಅಡ್ಡ ಇಟ್ಟ ಕಲ್ಲು ಯಾವುದು ಎಂದು ಮಾತ್ರ ನೀನು ಬರೆದಿಲ್ಲ.

ಯುದ್ಧ ಮುಗಿಯಿತು. ಪಾದ್ರಿ ವಾಪಸು ಬಂದರು. ಭಾನುವಾರ ಹಾಡು ಮತ್ತೆ ಶುರುವಾಯಿತು, ಗೋಡೆ ಬಿರಿಯುವ ಹಾಗೆ. ಆದರೆ ಮೊದಲ ಸಾವು ಬಂದಾಗ ಗೋರಿಯ ಸುತ್ತ ಎಲ್ಲರೂ ಅಜ್ಜನ ಮುಖ ನೋಡಿದರು. ಅವನು ಟೋಪಿ ಎದೆಗಿಟ್ಟು ಸುಮ್ಮನೆ ನಿಂತ. ಪಾದ್ರಿ ಬಾಯಿ ತೆರೆಯಲು ಹೋದಾಗ ಕೈ ಎತ್ತಿ ತಡೆದ. ಯಾಕೆ ಗೊತ್ತಾ? ಅಲ್ಲಿ ಒಬ್ಬರು ಒಂದು ಮಾತು ಆಡಿದ್ದರೂ ಅಮ್ಮ ಮಾಡಿದ್ದು ಸರಿ ಎಂದಾಗುತ್ತಿತ್ತು. ಊರು ಮಾಡಿದ್ದು ತಪ್ಪು ಎಂದಾಗುತ್ತಿತ್ತು. ಅಷ್ಟನ್ನು ಒಪ್ಪಿಕೊಳ್ಳುವ ಬದಲು ಸತ್ತವರನ್ನೆಲ್ಲ ಮೂಕರಾಗಿ ಕಳಿಸುವುದೇ ಸುಲಭವಾಯಿತು. ಹತ್ತು ವರ್ಷಕ್ಕೆ ಅದು ರೂಢಿ, ಇಪ್ಪತ್ತು ವರ್ಷಕ್ಕೆ ಸಂಪ್ರದಾಯ, ಈಗ ಪ್ರೊಫೆಸರನ ಕಣ್ಣೀರು. ಹುನ್ಸ್‌ರುಕ್‌ನಿಂದ ಬಂದವರು ಹೆಣದ ಮುಂದೆ ಎಂಥಾ ಜೋರಾಗಿ ಹಾಡುತ್ತಿದ್ದರು ಎಂದು ಅಜ್ಜಿ ಹೇಳಿದ್ದು ನಿನಗೆ ನೆನಪಿಲ್ಲವೇ? “ನನ್ನ ಅಪ್ಪನ ಸಾವಿಗೆ ಹಾಡಿದ ಹಾಡಿಗೆ ಪಕ್ಕದ ಊರಿನ ನಾಯಿಗಳು ಎದ್ದು ಬೊಗಳಿದವು” ಎನ್ನುತ್ತಿರಲಿಲ್ಲವೇ?

ಇಷ್ಟು ಕೋಪ ನಿನ್ನ ಮೇಲೆ ಮಾತ್ರ ಎಂದುಕೊಳ್ಳಬೇಡ. ಅಮ್ಮ 1961ರಲ್ಲಿ ತೀರಿಕೊಂಡಳು. ಲೋರಿಯ ಪಕ್ಕದಲ್ಲೇ, ಬೇಲಿಯ ಅಂಚಿನಲ್ಲಿ ಇಳಿಸಿದೆವು. ನನಗೆ ಆಗ ಮೂವತ್ತೆರಡು. ಅಜ್ಜ ಸತ್ತು ಆರು ವರ್ಷವಾಗಿತ್ತು, ಯಾರ ಭಯವೂ ಇರಲಿಲ್ಲ. ಆ ನಾಲ್ಕು ಸಾಲು ನಾಲಿಗೆಯ ತುದಿಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ನೀನು ಟೋಪಿ ಎದೆಗಿಟ್ಟು ನಿಂತಿದ್ದೆ, ಥೇಟ್ ಅಜ್ಜನ ಹಾಗೆ. ನಾನು ನಿನ್ನ ಪಕ್ಕ ಬೊಂಬೆಯ ಹಾಗೆ. ಒಂದು ಸಲ ಅವಳ ಹೆಸರು ಹೇಳಿ ಕೆಡಿಸಿದೆ, ಇನ್ನೊಂದು ಸಲ ಹೇಳದೆ ಕೆಡಿಸಿದೆ. ಮೂರನೇ ಸಲಕ್ಕೆ ನನ್ನ ಹತ್ತಿರ ಹೆಚ್ಚು ವರ್ಷಗಳಿಲ್ಲ. ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಕೇಳಿದಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಾರೆ.

“ಹಳೆಯದನ್ನು ಕೆದಕಬೇಡ ಅಕ್ಕಾ, ಹಬ್ಬ ಹತ್ತಿರ ಬಂತು” ಎನ್ನುತ್ತೀಯ. ಗೊತ್ತು. ಚರಿತ್ರೆ ಬರೆಯುತ್ತೇನೆ ಎಂದು ಹೊರಟವನಿಗೆ ಹಳೆಯದನ್ನು ಕೆದಕದೆ ಇನ್ನೇನು ಕೆಲಸವೋ?

ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದು ನಿನ್ನ ಮಗಳು ಹೇಳಿದಳು. ಅಷ್ಟರೊಳಗೆ ಈ ಪತ್ರ ಬರಲಿ ಎಂದು ಬಸ್ಸಿನ ಡ್ರೈವರನ ಕೈಯಲ್ಲೇ ಕಳಿಸುತ್ತಿದ್ದೇನೆ. ಹದಿನೇಳನೇ ಪುಟ ಹರಿದುಹಾಕು. ಅದರ ಜಾಗದಲ್ಲಿ ನಡೆದದ್ದನ್ನು ಬರೆ. ಅಜ್ಜ ಪೆಟ್ಟಿಗೆ ಮಾಡಿದ್ದನ್ನೂ ಬರೆ, ಗಾಡಿ ಕಟ್ಟಿದ್ದನ್ನೂ ಬರೆ, ಹೆಸರು ಹೇಳಿದ ಬಾಯಿ ನನ್ನದು ಎಂಬುದನ್ನೂ ಬರೆ. ಮುಚ್ಚಿಡಬೇಡ, ನನಗೆ ನಾಚಿಕೆಯಾಗಲಿ, ಆಗಬೇಕಾದದ್ದೇ. ಹಿತ್ತಾಳೆ ಫಲಕಕ್ಕೆ ಗೋಡೆ ಬೇಡ. ಹಾಕುವುದಾದರೆ ಬಾಗಿಲ ಪಕ್ಕದ ಬೆಂಚಿಗೆ ಹಾಕು, ಅದರ ಮೇಲೆ ಅಮ್ಮನ ಹೆಸರು ಕೆತ್ತಿಸು. ಅಕ್ಷರ ಅಕ್ಷರ ಬಿಡಿಸಿ ಹೇಳಲು ನಾನಿದ್ದೇನೆ.

ಬರೆಯುವುದಿಲ್ಲ ಎಂದರೂ ಸೆಪ್ಟೆಂಬರಿನ ಎರಡನೇ ಭಾನುವಾರ ನಾನು ಬಂದೇ ಬರುತ್ತೇನೆ. ಹಬ್ಬಕ್ಕೆ ಹನ್ನೆರಡು ಕೂಕ ತರುತ್ತೇನೆ ಎಂದು ಒಪ್ಪಿಕೊಂಡಿದ್ದೆ, ತರುತ್ತೇನೆ. ನನ್ನ ಕೋಪಕ್ಕೂ ನಿನ್ನ ಮೊಮ್ಮಕ್ಕಳ ಹೊಟ್ಟೆಗೂ ಜಗಳವಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲೇ ಕೂರುತ್ತೇನೆ. ಆಮೇಲೆ ನಿಮ್ಮ ಮೌನದ ಮೆರವಣಿಗೆಯ ಹಿಂದೆಯೇ ಕೋಲೂರಿಕೊಂಡು ಬರುತ್ತೇನೆ. ನೀವೆಲ್ಲ ಟೋಪಿ ತೆಗೆದಾಗ, ಟಿ.ವಿ.ಯವನು ಕ್ಯಾಮೆರಾ ಹಿಂದೆ ಕಣ್ಣು ಕಿರಿದು ಮಾಡಿದಾಗ, ನಾನು ಬೇಲಿಯ ಅಂಚಿಗೆ ಹೋಗಿ ಅವರಿಬ್ಬರ ಮುಂದೆ ನಿಂತು ಆ ನಾಲ್ಕು ಸಾಲನ್ನು ನಮ್ಮ ಮನೆಮಾತಿನಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ತಡೆಯಬೇಕೆಂದರೆ ಕೈ ಎತ್ತು. ಅಜ್ಜ ಎತ್ತಿದ್ದನಲ್ಲ, ಅದು ನಿನಗೂ ಬರುತ್ತದೆ.

ಇಲ್ಲವಾದರೆ ಟೋಪಿ ಕೆಳಗಿಟ್ಟು ನನ್ನ ಪಕ್ಕ ಬಾ. ಮರೆತುಹೋಗಿದೆ ಎನ್ನಬೇಡ. ನಾಲ್ಕು ವರ್ಷದ ತನಕ ಅಮ್ಮನ ಕಿವಿಯೋಲೆ ಹಿಡಿದೆಳೆಯುತ್ತ ದಿನಾ ಹೇಳಿದ್ದೀಯ. ಅರ್ಥವನ್ನಷ್ಟೇ ಇಲ್ಲಿ ಬರೆಯುತ್ತೇನೆ, ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ದೇಶಕ್ಕೆ ಅಪಾಯ, ಸಭೆಗೆ ಅಪಾಯ ಎಂದು ಅಮ್ಮನಿಂದ ಒಂಬತ್ತು ದಿನ ಅಂಗಳ ಗುಡಿಸಿಸಿದ ಆ ಮಹಾ ಭಯಂಕರ ಮಾತು ಇಷ್ಟೇ:

ಬಾಗಿಲು ಹಾಕಿದೆ, ದೀಪ ಆರಿದೆ,
ಕೋಳಿಗಳೆಲ್ಲ ಗೂಡು ಸೇರಿವೆ.
ಎಣಿಸಿಕೋ ಸ್ವಾಮಿ, ನಾನೂ ಇದ್ದೇನೆ,
ಬೆಳಗಾಗುವ ತನಕ ಕೈ ಬಿಡಬೇಡ.

ನಿನ್ನ ಪುಸ್ತಕದಲ್ಲಿ ನೂರ ನಲವತ್ತು ಹೆಸರುಗಳಿವೆ ತಮ್ಮಾ. ಎಣಿಸಿಕೋ. ಅವಳೂ ಇದ್ದಾಳೆ.

ನಿನ್ನ ಮೇಲೆ ಸಿಟ್ಟಿದೆ, ಮುನಿಸಿಲ್ಲ. ಹೊತ್ತು ತಿರುಗಿದ ಸೊಂಟಕ್ಕೆ ಮುನಿಯಲು ಬರುವುದಿಲ್ಲ. ದೇವರು ನಿನ್ನ ಮನೆಯ ಮಕ್ಕಳನ್ನು ಕಾಯಲಿ, ಶುಕ್ರವಾರದೊಳಗೆ ನಿನ್ನ ಕೈಗೆ ಪೆನ್ನು ಕೊಡಲಿ, ಹಬ್ಬದ ಭಾನುವಾರ ನಿನ್ನ ಬಾಯಿಗೆ ಮಾತು ಕೊಡಲಿ.

ಒಟ್ಟೀಲಿಯಳ ಹಿರಿಮಗಳು, ನಿನ್ನ ಅಕ್ಕ
ನೆಲ್ಡಾ